ಸೌಭಾಗ್ಯಳ ಹೆಸರಿನ ಕುರಿಗಳು

ನಮ್ಮ ಹಳ್ಳಿ ನೇಮಕಲ್ಲಿನ ಮನೆಗಳಲ್ಲಿ ಹೆಣ್ಣು ಹುಟ್ಟಿದರೆ ಅದರ ಹೆಸರಿಗೆ ಒಂದು ಹೆಣ್ಣು ಕುರಿಮರಿ ಬಿಡುತ್ತಾರೆ. ನಮ್ಮ ದೊಡ್ಡ ಮಗಳು ಸೌಭಾಗ್ಯಳಿಗೂ ಬಿಟ್ಟಿದ್ದೆವು. ಜೀನ್ಸ್ ಹೊಲಿಯಲು ರಾಯದುರ್ಗಕ್ಕೆ ಬಂದಾಗ ಅದನ್ನು ಭಾವ ಚಿತ್ತಪ್ಪನಿಗೆ ಪಾಲಿಗೆ ಕೊಟ್ಟು ಬಂದೆವು. ಒಂದು ಹೋಗಿ ಹದಿನಾಲ್ಕಾದವು. ಹನ್ನೆರಡನೆಯ ಕ್ಲಾಸು, ಇಂಟರ್, ಮುಗಿದ ಮೇಲೆ ಅವನ್ನು ಮಾರಿ, ಅವಳಿಗೆ ನರ್ಸಿಂಗ್ ಓದಿಸುವುದು ಎಂದುಕೊಂಡಿದ್ದೆವು.

ಅವಳು ಇಂಟರ್ ಪಾಸಾದ ವರ್ಷವೇ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ಹದಿನೈದು ದಿನದಲ್ಲಿ ಹಟ್ಟಿ ಖಾಲಿ. ನರ್ಸಿಂಗ್ ಕಾಲೇಜಿನ ಫೀಜಿನ ಗಡುವು ದಾಟಿತು, ಸೀಟು ಬೇರೆಯವರಿಗೆ ಹೋಯಿತು. ಈಗ ಅವಳು ನನ್ನ ಪಕ್ಕದಲ್ಲೇ ಕೂತು ಪ್ಯಾಂಟಿನ ದಾರ ಕತ್ತರಿಸುತ್ತಾಳೆ.

ಇಷ್ಟಾದರೂ ನನ್ನ ಗಂಡ ಸುಂಕಪ್ಪ ಊರು ಬಿಟ್ಟ ಮೇಲೆ ಹುಟ್ಟಿದ ಚಿಕ್ಕವಳು ಮಂಗಳಾಳ ಹೆಸರಿಗೂ ಈಗ ಮರಿ ತರಲು ಹೊರಟಿದ್ದರು. ಅಷ್ಟರಲ್ಲಿ ಅಂಚೆ ಕಚೇರಿಯ ಬಸವರಾಜೇಶ್ವರಿ ಮನೆಗೆ ಬಂದರು.

"ಮಂಗಳಾಗ ಎಷ್ಟ್ ವಯಸ್ರಿ?"

"ಬರೋ ತಿಂಗಳು ಹತ್ತು ತುಂಬ್ತಾವ್ರಿ," ಅಂದೆ.

"ಅಯ್ಯ ಈರಕ್ಕ! ಹತ್ತು ತುಂಬಿದ್ರ ಹೆಣ್ಮಕ್ಕಳ ಉಳಿತಾಯದ ಸುಕನ್ಯಾ ಸಮೃದ್ಧಿ ಖಾತಿ ತೆಗ್ಯಾಕ ಬರಂಗಿಲ್ಲ. ಇದೇ ವಾರ ಬರ್ರಿ."

ಸುಂಕಪ್ಪ ನಕ್ಕರು. "ಕುರಿ ಮರಿ ಹಾಕ್ತದ. ನಿಮ್ಮ ಪಾಸ್‌ಬುಕ್ ಏನ್ ಹಾಕ್ತದ್ರಿ ಮೇಡಂ?"

"ಬಡ್ಡಿ ಹಾಕ್ತದಣ್ಣ. ಅದಕ್ಕ ರೋಗ ಬರಂಗಿಲ್ಲ. ಟ್ಯಾಕ್ಸೂ ಇಲ್ಲ."

"ಟ್ಯಾಕ್ಸ್ ಕಟ್ಟೋ ಮುಖ ಏನ್ರಿ ಇದು?"

"ನಾಳೆ ನಿಮ್ಮ ಮಗಳು ಕಟ್ಟೋ ಹಂಗಾಗ್ಲಿ ಬಿಡ್ರಿ! ಆಗ್ಲೂ ಇದ್ರ ಬಡ್ಡಿ ಪೂರಾ ಆಕಿದೇ. ವರ್ಷಕ್ಕ ಇನ್ನೂರೈವತ್ತು ಹಾಕಿದ್ರೂ ಖಾತಿ ನಡೀತದ. ಇದ್ದಾಗ ಜಾಸ್ತಿ ಹಾಕ್ರಿ. ಟೆಂತ್ ಪಾಸಾದ ಮ್ಯಾಲ ಕಾಲೇಜಿಗೆ ಅರ್ಧದ ತನಕ ತೆಗೀಬೋದು."

"ನಡುವ ಹಬ್ಬಕ್ಕೋ ನೆಂಟರ ಮದಿವಿಗೋ ಬೇಕಂದ್ರ?" ಸುಂಕಪ್ಪ ಕೇಳಿದರು.

"ಕೊಡಂಗಿಲ್ಲ. ಅದಕ್ಕೇ ಉಳೀತದ."

ಸುಂಕಪ್ಪ ಗೊಣಗಿದರು. "ದೊಡ್ಡಾಕಿಗೂ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದೆ..."

ಸೌಭಾಗ್ಯ ಕತ್ತರಿಯಿಂದ ತಲೆ ಎತ್ತಲಿಲ್ಲ. "ಹೌದಪ್ಪ. ಹದಿನಾಲ್ಕೂ ನನ್ನ ಹೆಸರಿಗೇ ಇದ್ವು. ಇಕಿಗೆ ಹಂಗ್ ಮಾಡಬ್ಯಾಡ."

ಸುಂಕಪ್ಪ ಎದ್ದು ಟ್ರಂಕಿನಿಂದ ಮಂಗಳಾಳ ಜನನ ಪತ್ರ ತೆಗೆದರು. "ಆಧಾರೂ ಬೇಕೇನ್ರಿ?" ಎಂದರು.

ಖಾತೆ ಆಯಿತು. ಸೌಭಾಗ್ಯಳ ಸೀಟು ಮಾತ್ರ ವಾಪಸು ಬರಲಿಲ್ಲ.

ಅಕ್ಕತಂಗಿಯರೇ, ಕುರಿ ಸಾಕಿರಿ, ಬೇಡ ಎನ್ನುವುದಿಲ್ಲ. ಮಗಳ ಓದನ್ನು ಅವುಗಳ ಉಸಿರಿಗೆ ಕಟ್ಟಬೇಡಿ. ನಿಮ್ಮಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಈ ಖಾತೆಗೆ ಹಾಕಿದ ಹಣಕ್ಕೂ ವಿನಾಯಿತಿ ಉಂಟು. ಮಗಳಿಗೆ ಹತ್ತು ತುಂಬಲು ಇನ್ನೆಷ್ಟು ದಿನ ಇದೆ? ಇವತ್ತೇ ಎಣಿಸಿ. ಆ ದಿನ ದಾಟಿದ ಮೇಲೆ ನೀವು ಎಷ್ಟು ಅತ್ತರೂ ಅಂಚೆ ಕಚೇರಿಯವರು ಏನೂ ಮಾಡಲಾರರು.