ನಲವತ್ತು ಹನಿ

ನನ್ನ ಕಥೆ ಆ ಕೂಟದ ಬಾಗಿಲಲ್ಲಿ ನಿಂತು ಹನ್ನೆರಡು ದಿನವಾಗಿತ್ತು. ನಿಯಮ ಸರಳವಾಗಿತ್ತು. ಹೊಸಬರು ಮೊದಲು ಬೇರೆಯವರ ಮೂರು ಕಥೆಗಳನ್ನು ಓದಿ ಅಭಿಪ್ರಾಯ ಬರೆಯಬೇಕು. ಆ ಮೂರಕ್ಕೂ ಯಾರೂ ತಕರಾರು ತೆಗೆಯದಿದ್ದರೆ ಹದಿನೈದನೆಯ ದಿನ ಅವರ ಕಥೆ ಎಲ್ಲರಿಗೂ ಕಾಣಿಸುತ್ತದೆ. ತಕರಾರು ಬಂದು ಇತ್ಯರ್ಥವಾಗದಿದ್ದರೆ ಕಥೆ ಅಳಿಸಿಹೋಗುತ್ತದೆ, ಬರೆದವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ.

ಕೂಟವೆಂದರೆ ಒಂದು ವೆಬ್‌ಸೈಟು. ಹಡಗಿನ ಕಥೆಯ ಒಂದು ಸೀರಿಯಲ್ ಎರಡು ಸೀಸನ್ ಓಡಿ ನಿಂತುಹೋಗಿತ್ತು. ಕೊನೆಯ ದೃಶ್ಯದಲ್ಲಿ ಹಡಗಿನ ಡಾಕ್ಟರು ಚೀಲ ಹಿಡಿದು ಯಾವುದೋ ಬಂದರಿನಲ್ಲಿ ಇಳಿದು ಹೋಗುತ್ತಾಳೆ, ಹಿಂತಿರುಗಿ ನೋಡುವುದಿಲ್ಲ. ಮೇಲೆ ಕ್ಯಾಪ್ಟನ್ ನಿಲ್ಲುವ ಜಾಗ ಖಾಲಿಯಿರುತ್ತದೆ. ಅವಳು ಯಾಕೆ ಇಳಿದಳು ಎಂದು ಸೀರಿಯಲ್ ಮಾಡಿದವರು ಹೇಳಲಿಲ್ಲ. ಅದನ್ನು ಹೇಳಲು ನೂರಾರು ಜನ ತಮ್ಮ ತಮ್ಮ ಕಥೆ ಬರೆದರು. ಇಂಥದ್ದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ ಎಂದು ಗೊತ್ತಾಗುವ ಮೊದಲೇ ನಾನೂ ಬರೆಯುತ್ತಿದ್ದೆ, ನಾಲ್ಕು ವರ್ಷ, ಆಫೀಸಿನ ರದ್ದಿ ಕಾಗದದ ಬೆನ್ನಿಗೆ. ಇಳಿದ ಮೇಲೆ ಡಾಕ್ಟರು ಏನಾದಳು ಎನ್ನುವುದೇ ನನ್ನ ಕಥೆ. ಅದನ್ನು ಒಬ್ಬರಾದರೂ ಮೊದಲಿನಿಂದ ಕೊನೆಯವರೆಗೆ ಓದಬೇಕಿತ್ತು. ನನ್ನ ಆಸೆ ಅಷ್ಟೇ ಇತ್ತು, ಅದೇ ದೊಡ್ಡದಾಗಿತ್ತು.

ನಾನು ಅಣ್ಣನ ಮನೆಯಲ್ಲಿರುವವಳು. ಕಾಗದದ ಕಟ್ಟು ಅಣ್ಣನ ಮಗಳ ಕೈಗೆ ಸಿಕ್ಕಿತು. ಕಾಲೇಜಿನ ಎರಡನೇ ವರ್ಷದ ಹುಡುಗಿ. ಬಟ್ಟೆ ಬೀರುವಿನ ಮುಂದೆ ನೆಲದಲ್ಲೇ ಕೂತು ಎರಡು ಹಾಳೆ ಓದಿ ತಲೆಯೆತ್ತಿದಳು.

"ಅತ್ತೆ, ಎಂಥಾ ಕಳ್ಳಿ ನೀನು. ಇಷ್ಟು ವರ್ಷ ಒಂದೇ ಮನೇಲಿದ್ದು ಬಾಯಿ ಬಿಡಲಿಲ್ವಲ್ಲ."

ಅವಳು ಮೂರು ವರ್ಷದಿಂದ ಆ ಕೂಟದಲ್ಲಿದ್ದಳು. ಅಲ್ಲಿ ಅವಳ ಹೆಸರು ಕಡಲಹಕ್ಕಿ. ಹೊಸಬರಿಗೆ ಹಳಬರೊಬ್ಬರು ಜಾಮೀನು ನಿಲ್ಲಬೇಕಿತ್ತು. "ನಾನು ನಿಲ್ತೀನಿ," ಎಂದಳು. "ನನ್ನ ಮಾನ ಕಳೀಬೇಡ, ಅಷ್ಟು ಸಾಕು." ನನ್ನ ಮೇಜಿನ ಮೇಲಿನ ವಸ್ತುವನ್ನು ನೆನೆದು ನಾನು ಭೂತಗನ್ನಡಿ ಎಂದು ಹೆಸರಿಟ್ಟುಕೊಂಡೆ.

ನನ್ನ ಕೆಲಸ ಔಷಧಿ ಡಬ್ಬಿಯೊಳಗೆ ಮಡಚಿ ಇಡುವ ಚೀಟಿಗಳನ್ನು ತಿದ್ದುವುದು. ಯಾರಿಗೆ ಎಷ್ಟು, ದಿನಕ್ಕೆ ಎಷ್ಟು ಸಲ, ಯಾರು ತೆಗೆದುಕೊಳ್ಳಬಾರದು, ಎಲ್ಲವೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಇದಕ್ಕೆ ಇಬ್ಬರು ಬೇಕು. ಎದುರಿಗೆ ಕೂತವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಅಚ್ಚಿನ ಪ್ರತಿಯ ಮೇಲೆ ಕನ್ನಡಿ ಹಿಡಿದು ಹಿಂಬಾಲಿಸುತ್ತೇನೆ. ಅಂಕಿ ಬಂದಾಗ ಅವರು ಎರಡು ಸಲ ಓದುತ್ತಾರೆ, ನಾನು ಅದರ ತಲೆಯ ಮೇಲೆ ಪೆನ್ಸಿಲ್ಲಿನ ಚುಕ್ಕೆ ಇಡುತ್ತೇನೆ. ಚುಕ್ಕೆಯಿಲ್ಲದ ಅಂಕಿ ಉಳಿದರೆ ಕೆಳಗೆ ಸಹಿ ಹಾಕುವಂತಿಲ್ಲ. ನನ್ನೆದುರು ಕೂರುವವರು ನಿವೃತ್ತ ಮೇಷ್ಟ್ರು. ಹನ್ನೊಂದು ವರ್ಷದಿಂದ ನಿನ್ನ ಮುಖಕ್ಕಿಂತ ನಿನ್ನ ನೆತ್ತಿಯನ್ನೇ ಹೆಚ್ಚು ನೋಡಿದ್ದೇನೆ ಎಂದು ತಮಾಷೆ ಮಾಡುತ್ತಾರೆ.

ಕೂಟದಲ್ಲಿ ಪ್ರತಿ ಕಥೆಯ ತಲೆಯ ಮೇಲೂ ಒಂದು ಗುರುತಿರುತ್ತಿತ್ತು. ಗರಿ ಇದ್ದರೆ ಬರೀ ಮೆಚ್ಚುಗೆ ಹೇಳಬೇಕು. ಕತ್ತರಿ ಇದ್ದರೆ ತಪ್ಪನ್ನೂ ಹೇಳಬಹುದು. ನಾನು ಮೊದಲು ಗರಿಯ ಕಥೆಯೊಂದಕ್ಕೆ, ಆಮೇಲೆ ಕತ್ತರಿಯದೊಂದಕ್ಕೆ ಬರೆದೆ. ಪ್ರತಿ ವಾಕ್ಯವನ್ನೂ ಮೂರು ಸಲ ಓದಿ ಕಳಿಸಿದೆ. ಇಬ್ಬರೂ ಧನ್ಯವಾದ ಹೇಳಿದರು. ಮೂರನೆಯದಕ್ಕೆ ಉಪ್ಪುನೀರು ಎಂಬಾಕೆಯ ಕಥೆ ಆರಿಸಿದೆ. ಕೂಟದಲ್ಲಿ ಎಲ್ಲರೂ ಮೊದಲು ಓದುವುದು ಅದನ್ನು. ಅದರ ಮೇಲೆ ಯಾವ ಗುರುತೂ ಇರಲಿಲ್ಲ. ನಿಯಮದ ಪುಟವನ್ನು ಎರಡು ಸಲ ನೋಡಿದೆ. ಗುರುತಿಲ್ಲದ ಕಥೆಯ ಬಗ್ಗೆ ಅಲ್ಲಿ ಒಂದಕ್ಷರವೂ ಇರಲಿಲ್ಲ. ತಡೆಯಿಲ್ಲ ಎಂದ ಮೇಲೆ ಏನು ಬೇಕಾದರೂ ಹೇಳಬಹುದು ಎಂದುಕೊಂಡೆ.

ಆ ಕಥೆಯಲ್ಲಿ ಹಡಗಿನ ಮೇಲೆ ಕೊನೆಯ ವಾರ. ಕ್ಯಾಪ್ಟನ್ನಿಗೆ ತಾಳಲಾರದ ಬೆನ್ನುನೋವು. ಯಾರಿಗೂ ಅರೆಗಳಿಗೆ ಕೊಡದ ಡಾಕ್ಟರು ಅವನ ಪಕ್ಕ ಕೂತು, ಸಣ್ಣ ನೀಲಿ ಸೀಸೆಯಿಂದ ಒಂದೊಂದೇ ಹನಿ ಬೀಳಿಸುತ್ತಾ ಲೆಕ್ಕ ಹಾಕುತ್ತಾಳೆ. "ನಲವತ್ತು ಹನಿ. ನಾನೇ ಎಣಿಸಿದ್ದು. ಕುಡಿ." ಅಷ್ಟೇ ಮಾತು. ಆಮೇಲೆ ಎರಡು ಅಧ್ಯಾಯ ಅವಳು ಅವನ ಪಕ್ಕ ಕೂತೇ ಇರುತ್ತಾಳೆ. ಬಂದರು ಬಂದಾಗ ಎದ್ದು ಹೋಗುತ್ತಾಳೆ. ಕೂಟದವರು ಒಬ್ಬರಿಗೊಬ್ಬರು ಪ್ರೀತಿ ಹೇಳುವಾಗ 'ನಲವತ್ತು' ಎಂದು ಬರೆಯುತ್ತಿದ್ದರು. ಹುಟ್ಟುಹಬ್ಬಕ್ಕೆ ನಲವತ್ತು, ಪರೀಕ್ಷೆ ಪಾಸಾದರೆ ನಲವತ್ತು. ನನ್ನ ಅಣ್ಣನ ಮಗಳ ಮೊಬೈಲಿನ ಹಿಂದೆಯೂ ಆ ಅಂಕಿ ಅಂಟಿತ್ತು.

ನಾನು ಓದಿ ಹೀಗೆ ಬರೆದೆ: ಭಾಷೆ ಬಹಳ ಚೆನ್ನಾಗಿದೆ. ಎರಡು ಮಾತು. ಒಂದು, ಸೀರಿಯಲ್ಲಿನ ಎರಡನೇ ಸೀಸನ್ನಿನಲ್ಲಿ ಆ ನೀಲಿ ಸೀಸೆಯ ಚೀಟಿ ಮೂರು ಸೆಕೆಂಡು ತೆರೆಯ ಮೇಲೆ ಕಾಣುತ್ತದೆ. ದೊಡ್ಡವರಿಗೆ ನಾಲ್ಕು ಹನಿ, ಆರನ್ನು ಮೀರಕೂಡದು ಎಂದಿದೆ. ನಲವತ್ತು ಕುಡಿದವನು ಏಳುವುದಿಲ್ಲ, ಅಂಕಿ ತಿದ್ದಬೇಕು. ಎರಡು, ಕುಡಿದ ಮೇಲೆ ಕೊನೆಯ ತನಕ ಕ್ಯಾಪ್ಟನ್ ಒಂದು ಮಾತೂ ಆಡುವುದಿಲ್ಲ. ಒಮ್ಮೆ ಅವನ ಧ್ವನಿ ಕೇಳಿಸಿದರೆ ಚೆನ್ನ.

ಹನ್ನೆರಡನೆಯ ದಿನ ಊಟದ ವಿರಾಮದ ಹೊತ್ತಿಗೆ ಕೆಳಗೆ ಅರವತ್ತೆರಡು ಉತ್ತರಗಳು ಬಂದು ಕೂತಿದ್ದವು.

"ಬಂದು ಹದಿನೈದು ದಿನ ಆಗಿಲ್ಲ, ತಾಯಿಗೆ ಪಾಠ ಹೇಳೋಕೆ ಬಂದ್ಲು."

"ಗುರುತು ಇಲ್ಲದ ಕಥೆ ಮುಟ್ಟಬಾರದು ಅನ್ನೋ ಬುದ್ಧಿ ಬೇಡ್ವಾ? ಗುರುತು ಹುಟ್ಟೋ ಮೊದಲೇ ಬರೆದಿದ್ದು ಅದು."

"ಚೀಟಿ ಓದಿದ್ದಾಳಂತೆ ಚೀಟಿ. ಪ್ರೀತಿ ಅಳೆಯೋಕೂ ಚಮಚ ಇಟ್ಕೊಂಡಿರ್ತಾಳೆ."

"ಭೂತಗನ್ನಡಿ ಅಲ್ಲ, ಬರೀ ಭೂತ."

ಸಂಜೆಗೆ ಭೂತಮ್ಮ ಎಂಬ ಹೆಸರು ನಿಂತುಬಿಟ್ಟಿತ್ತು. ಕೂಟದ ಮೇಲ್ವಿಚಾರಕಿಯ ಹೆಸರು ಲಂಗರು. ಆಕೆ ಶಾಂತವಾಗಿ ಬರೆದಿದ್ದಳು: ತಕರಾರು ಒಂಬತ್ತು ಬಂದಿವೆ. ಮೂರು ದಿನದೊಳಗೆ ನೀವು ಅಭಿಪ್ರಾಯ ತೆಗೆದು, ಈ ಕೆಳಗಿನ ಮಾತನ್ನು ಎಲ್ಲರ ಮುಂದೆ ಹಾಕಿದರೆ ನಿಮ್ಮ ಕಥೆ ಉಳಿಯುತ್ತದೆ. 'ನಲವತ್ತು ಸರಿಯಾಗಿದೆ. ತಿಳಿಯದೆ ಮಾತಾಡಿದೆ. ಕ್ಷಮಿಸಿ.'

ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅಣ್ಣನ ಮಗಳು ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುತ್ತಿದ್ದಳು. ಒಂದೇ ತಟ್ಟೆಯನ್ನು ಮತ್ತೆ ಮತ್ತೆ.

"ನೋಡಿದ್ರಾ?" ಎಂದಳು. ಚಿಕ್ಕಂದಿನಿಂದ ನನ್ನನ್ನು ನೀನು ಎಂದವಳು.

"ನೋಡಿದೆ."

"ನನ್ನನ್ನ ಕೂಟದ ಪುಟ ನೋಡ್ಕೊಳ್ಳೋ ಕೆಲಸದಿಂದ ತೆಗೆದ್ರು. ಜಾಮೀನು ನಿಂತಿದ್ದಕ್ಕೆ ಬಹುಮಾನ."

"ಗುರುತು ಇಲ್ಲ ಅಂದ್ರೆ ಏನು ಅಂತ ನೀನಾದರೂ ಹೇಳಬಹುದಿತ್ತು ಪುಟ್ಟಿ."

"ಅದನ್ನ ಹೇಳಬೇಕಾ? ದೊಡ್ಡವರ ಮನೆಗೆ ಹೋದ್ರೆ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಯಾರಾದ್ರೂ ಬರೆದು ಹಾಕ್ತಾರಾ? ನೋಡಿದ್ರೆ ಗೊತ್ತಾಗತ್ತೆ." ತಟ್ಟೆಯನ್ನು ಸ್ಟ್ಯಾಂಡಿಗೆ ಕುಕ್ಕಿದಳು. "ಆ ಮೂರು ಸಾಲು ಹಾಕಿ ಮುಗಿಸಿ. ನಿಮ್ಮದೇನು ಗಂಟು ಹೋಗತ್ತೆ?"

"ಆರು ಮೀರಬಾರದು ಅಂತ ಕಣ್ಣಾರೆ ನೋಡಿ, ನಲವತ್ತು ಸರಿ ಅಂತ ಹೇಗೆ ಬರೀಲಿ?"

"ಅದು ನಿಜವಾದ ಮದ್ದಲ್ಲ ಅತ್ತೆ. ಆ ಮನುಷ್ಯನೂ ನಿಜ ಅಲ್ಲ. ನಾನೊಬ್ಬಳೇ ನಿಜ ಇಲ್ಲಿ."

ಹೊರಗೆ ಟೀವಿಯ ಮುಂದೆ ಕೂತಿದ್ದ ಅತ್ತಿಗೆ ಸದ್ದು ತಗ್ಗಿಸಿದರು. ಅವಳು ನಲ್ಲಿಯನ್ನು ಜೋರಾಗಿ ಬಿಟ್ಟಳು.

ಮರುದಿನ ಕೆಲಸದಲ್ಲಿ ಒಂದು ಅಂಕಿಗೆ ಎರಡು ಚುಕ್ಕೆ ಇಟ್ಟೆ. ಮೇಷ್ಟ್ರು ಓದುವುದನ್ನು ನಿಲ್ಲಿಸಿದರು. "ಯಾಕಮ್ಮ, ಅದಕ್ಕೆ ದೃಷ್ಟಿ ಆಗತ್ತಾ?" ನಾನು ವಿಷಯ ಹೇಳಿದೆ. ಅವರಿಗೆ ಕೂಟ ಅರ್ಥವಾಗಲಿಲ್ಲ, ನಲವತ್ತು ಹನಿ ಅರ್ಥವಾಯಿತು.

"ಕುಡಿಸಿದವಳು ಡಾಕ್ಟರಾ?"

"ಹೌದು."

"ಸೀಸೆ ಅವಳದೇ?"

"ಅವಳದೇ."

"ಹಾಗಾದರೆ ಚೀಟಿ ನಿನಗಿಂತ ಮೊದಲು ಅವಳು ಓದಿರಬೇಕಲ್ಲಮ್ಮ," ಎಂದು ಹೇಳಿ, ಮುಂದಿನ ಸಾಲಿಗೆ ಹೋದರು.

ನಾನು ಪೆನ್ಸಿಲ್ ಕೆಳಗಿಟ್ಟೆ. ನನ್ನ ಎರಡು ಮಾತುಗಳನ್ನು ನಾನೇ ಒಂದರ ಕೆಳಗೊಂದು ಬರೆದಿದ್ದೆ. ನಲವತ್ತು ಕುಡಿದವನು ಏಳುವುದಿಲ್ಲ. ಕುಡಿದ ಮೇಲೆ ಅವನು ಮಾತಾಡುವುದಿಲ್ಲ. ಎರಡಕ್ಕೂ ಚುಕ್ಕೆ ಇಟ್ಟವಳು ಅವನ್ನು ಕೂಡಿಸಿ ಓದಿರಲಿಲ್ಲ.

ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಉಪ್ಪುನೀರಿಗೆ ಖಾಸಗಿಯಾಗಿ ಒಂದೇ ಸಾಲು ಕಳಿಸಿದೆ: ಅವಳು ಅವನನ್ನು ಕೊಂದಳೇ?

ಉತ್ತರ ಬರಲು ಅರ್ಧ ಗಂಟೆಯೂ ಆಗಲಿಲ್ಲ.

"ಹೌದು. ಬರೆದಾಗ ಇದನ್ನ ಯಾರಾದರೂ ಕಂಡುಹಿಡೀತಾರೆ ಅಂತ ಕಾದೆ. ಮೊದಲ ವರ್ಷ ದಿನಾ ಕಾದೆ. ಅವರು ನಲವತ್ತು ನಲವತ್ತು ಅಂತ ಪ್ರೀತಿ ಮಾಡೋಕೆ ಶುರು ಮಾಡಿದ್ರು. ಮದುವೆ ಕಾಗದದ ಮೇಲೆ ಹಾಕಿಸಿದವರಿದ್ದಾರೆ. ಆಮೇಲೆ ಯಾರೂ ಕಂಡುಹಿಡೀದೆ ಇರಲಿ ಅಂತ ಕಾದೆ. ಎಂಟು ವರ್ಷ ಚೆನ್ನಾಗೇ ನಡೀತು. ನಿಮಗೆ ಧನ್ಯವಾದ ಹೇಳ್ತೀನಿ ಅಂದ್ಕೊಂಡಿದ್ರೆ ತಪ್ಪು. ನನಗೆ ನಿಮ್ಮ ಮೇಲೆ ಕೋಪ ಇದೆ. ತೆಗೀರಿ ಅದನ್ನ. ಯಾರಿಗೂ ಹೇಳಬೇಡಿ."

ಫೋನನ್ನು ಮಡಿಲಲ್ಲಿಟ್ಟುಕೊಂಡೆ. ಕೆಳಗಿನ ಮಹಡಿಯಲ್ಲಿ ಅಚ್ಚಿನ ಯಂತ್ರ ನಡೆಯುತ್ತಿತ್ತು, ಮೆಟ್ಟಿಲು ಸಣ್ಣಗೆ ನಡುಗುತ್ತಿತ್ತು. ಅರವತ್ತೆರಡು ಜನರಿಗೆ ಒಂದು ಸಾಲು ಬರೆದರೆ ಸಾಕಿತ್ತು. ಭೂತಮ್ಮ ಎಂದವರ ಬಾಯಿ ಮುಚ್ಚುತ್ತಿತ್ತು. ಬೆರಳು ಅಲ್ಲಿಯವರೆಗೆ ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆಗ ಉಪ್ಪುನೀರಿನ ಕಥೆ ಒಡೆಯುತ್ತಿತ್ತು, ನನ್ನ ಕಥೆಯನ್ನು ಓದಲು ಅಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಎರಡನೆಯದೇ ಮೊದಲು ಹೊಳೆದದ್ದು.

ಅಭಿಪ್ರಾಯವನ್ನು ತೆಗೆದೆ. ಲಂಗರು ಕೊಟ್ಟ ಮಾತನ್ನು ಹಾಗೇ ಹಾಕಿದೆ. ಈಗ ಅದಕ್ಕೆ ಸಹಿ ಹಾಕಲು ನನಗೆ ಅಡ್ಡಿಯಿರಲಿಲ್ಲ. ಕೊಲ್ಲಬೇಕೆಂದವಳ ಕೈಯಲ್ಲಿ ಆ ಅಂಕಿ ಸರಿಯಾಗಿಯೇ ಇತ್ತು.

ಹದಿನೈದನೆಯ ದಿನ ಬೆಳಿಗ್ಗೆ ನನ್ನ ಕಥೆ ಎಲ್ಲರಿಗೂ ಕಾಣಿಸಿತು. ಮೇಲೆ ನಾನೇ ಕತ್ತರಿಯ ಗುರುತು ಹಾಕಿದ್ದೆ. ತಿಂಡಿಯ ಮೇಜಿನಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಡತೊಡಗಿತು. ತೆರೆದು ನೋಡಿದೆ. ನಲವತ್ತು. ಅದರ ಕೆಳಗೆ ನಲವತ್ತು. ಅದರ ಕೆಳಗೂ ಅದೇ. ಇಪ್ಪತ್ತೇಳು ಜನ, ಬೇರೆ ಒಂದು ಪದವಿಲ್ಲ. ಕಥೆ ಕಾಣಿಸಿ ಎರಡು ನಿಮಿಷವಾಗಿತ್ತು, ಓದಲು ಕನಿಷ್ಠ ಎರಡು ಗಂಟೆ ಬೇಕು. ಹದಿನಾಲ್ಕನೆಯ ನಲವತ್ತು ಕಡಲಹಕ್ಕಿಯದು. ಅವಳು ನನ್ನ ಎದುರಿಗೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ನೀನೂನಾ?" ಎಂದೆ.

"ಹಾಕದೆ ಇದ್ರೆ ನಾನೂ ಭೂತದ ಕಡೆ ಅಂತಾರೆ," ಎಂದಳು, ಚಾಕುವಿನಿಂದ ಕಣ್ಣೆತ್ತದೆ. "ಓದಿದ್ದೀನಲ್ಲ ಆಗಲೇ. ಎರಡು ಹಾಳೆ."

ಮಧ್ಯಾಹ್ನ ಇಪ್ಪತ್ತೆಂಟನೆಯದು ಬಂತು. ಉಪ್ಪುನೀರು. ಉದ್ದವಾಗಿತ್ತು.

"ಮೊದಲ ಪುಟದಲ್ಲಿ ಡಾಕ್ಟರ ಎಡಗೈಗೆ ಗಾಯ. ಮೂರನೇ ಪುಟದಲ್ಲಿ ಅದೇ ಕೈಲಿ ತುಕ್ಕು ಹಿಡಿದ ಬೀಗ ತೆಗೀತಾಳೆ, ಮುಖ ಕೂಡ ಕಿವುಚಲ್ಲ. ಐದನೇ ಪುಟದ ಬಾಡಿಗೆ ಕೋಣೆಗೆ ಒಂದೇ ಕಿಟಕಿ ಅಂದಿರಿ, ಏಳರಲ್ಲಿ ಎರಡರಿಂದ ಗಾಳಿ ಬರತ್ತೆ. ನಿಮ್ಮಂಥವರಿಂದ ಇದು ನಾಚಿಕೆ." ಹೀಗೆ ಆರು. ಎಲ್ಲವನ್ನೂ ತಿರುಗಿಸಿ ನೋಡಿದೆ. ಆರೂ ನಿಜ. ಏಳನೆಯದು ಹೀಗಿತ್ತು: "ನಿಮ್ಮ ಡಾಕ್ಟರು ಬಹಳ ಒಳ್ಳೆಯವಳು. ಯಾರಿಗೂ ಏನೂ ಮಾಡಲ್ಲ, ಯಾರ ಹತ್ರಾನೂ ಏನೂ ಕೇಳಲ್ಲ. ಅವಳು ಯಾಕೆ ಇಳಿದಳು ಅಂತ ನಿಮಗೇ ಗೊತ್ತಿಲ್ಲ. ಹೆದರಿ ಬರೆದಿದ್ದೀರಿ. ಕೊನೆಯ ತನಕ ಓದಿ ಹೇಳ್ತಿದ್ದೀನಿ."

ಕೊನೆಯ ವಾಕ್ಯವನ್ನು ಮತ್ತೆ ಓದಿದೆ. ನನ್ನನ್ನು ಕಂಡರಾಗದ ಒಬ್ಬಾಕೆ ಎಲ್ಲೋ ಕೂತು ನನ್ನ ಅರವತ್ತು ಪುಟಗಳನ್ನೂ ಬೆರಳಿಟ್ಟು ಓದಿದ್ದಳು.

ಸಂಜೆ ಕೆಲಸ ಮುಗಿದ ಮೇಲೆ ಕಾಗದದ ಕಟ್ಟನ್ನು ಮೇಷ್ಟ್ರ ಮುಂದಿಟ್ಟೆ. ನನ್ನದು ಎಂದು ಹೇಳಲಿಲ್ಲ. "ಇದನ್ನೂ ಒಂದು ಸಲ ಓದ್ತೀರಾ? ಚೀಟಿ ಓದೋ ಹಾಗೆ."

"ಅಂಕಿ ಎರಡೆರಡು ಸಲ?"

"ಎರಡೆರಡು ಸಲ."

ಅವರು ಕನ್ನಡಕ ಸರಿಮಾಡಿಕೊಂಡು ಶುರುಮಾಡಿದರು. ಕೂಟದ ಪುಟದಿಂದ ಅಚ್ಚು ತೆಗೆದ ಪ್ರತಿಯ ಮೇಲೆ ನಾನು ಕನ್ನಡಿ ಹಿಡಿದು ಕೂತೆ. ಹಡಗು ನಿಂತಿತು, ಹಲಗೆ ಇಳಿಯಿತು, ಡಾಕ್ಟರು ಚೀಲ ಎತ್ತಿಕೊಂಡಳು. ಅಲ್ಲಿಗೆ ಮೇಷ್ಟ್ರು ನಿಲ್ಲಿಸಿದರು.

"ಇವಳು ಯಾಕಮ್ಮ ಇಳಿದಳು?"

"ಬರೆದವಳಿಗೂ ಗೊತ್ತಿಲ್ಲ," ಎಂದೆ. ಆ ಸಾಲಿನ ತಲೆಯ ಮೇಲೆ ಪೆನ್ಸಿಲ್ಲಿನ ಚುಕ್ಕೆ ಇಡದೆ ಜಾಗ ಬಿಟ್ಟೆ. "ಮುಂದಕ್ಕೆ ಓದಿ ಮೇಷ್ಟ್ರೆ."