ಗಿಡ್ಡ ವೈರು

ಬಂದವರೆಲ್ಲ ಟೀ ಕುಡಿದಿಟ್ಟ ಲೋಟಗಳನ್ನು ಅವಳು ನಲ್ಲಿಯಡಿ ಹಿಡಿದು ತಿಕ್ಕುತ್ತಿದ್ದಳು. ನಡುಮನೆಯಲ್ಲಿ ಗಂಡನ ಹೆಣವಿತ್ತು. ನಾದಿನಿ ಬಾಗಿಲಿಗೆ ಬಂದು ಹಣೆ ಗಟ್ಟಿಸಿಕೊಂಡಳು.

"ಅತ್ತಿಗೆ, ಇವತ್ತೂ ಪಾತ್ರೆನಾ? ನೋಡಿದೋರು ಏನಂದ್ಕೋತಾರೆ?"

"ಅಂದ್ಕೊಳ್ಳಲಿ ಬಿಡು. ಕೈ ಸುಮ್ನಿದ್ರೆ ತಲೆ ಕೆಡುತ್ತೆ ಕಣೇ."

"ಅಣ್ಣನ ಮಾಲೀಕರು ಬಂದಿದಾರೆ. ಎಂಥಾ ಹೂಗುಚ್ಛ ಅಂತೀರಿ! ಇಬ್ಬರು ಹಿಡ್ಕೊಂಡು ಬಂದ್ರು."

"ಬಾಗಿಲಲ್ಲಿ ಹಿಡಿಸ್ತಾ?"

ನಡುಮನೆಯಿಂದ ಮಾಲೀಕನ ಗಂಟಲು ಕೇಳಿಸುತ್ತಿತ್ತು. ತಗ್ಗಿಸಿ ಮಾತಾಡಿದರೂ ಬೀದಿಗೆ ಕೇಳುವ ಗಂಟಲು ಅದು.

"ಗಾಳಿಯಣ್ಣ ಅಂತಲೇ ನಾವು ಕರೀತಿದ್ದದ್ದು. ದೇವರಂಥ ಮನುಷ್ಯ. ಒಂದ್ಸಲ ಕೈ ತಪ್ಪಿತು, ಲೈಬ್ರರಿ ಕಂಪ್ಯೂಟರೆಲ್ಲ ಕೆಟ್ಟು ಕೂತವು. ಬೇರೆಯವರಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ನಾನು ಬಿಡಲಿಲ್ಲ, ಇಟ್ಕೊಂಡೆ."

"ದೊಡ್ಡ ಮನಸ್ಸು ನಿಮ್ಮದು," ಎಂದರು ಯಾರೋ.

ಅವಳ ಕೈಯಲ್ಲಿದ್ದ ಲೋಟ ನಲ್ಲಿಯಡಿ ತುಂಬಿ ಚೆಲ್ಲುತ್ತಲೇ ಇತ್ತು.

* * *

ಕಂಪ್ಯೂಟರ್ ಕಾರ್ಖಾನೆಯಲ್ಲಿ ಗಂಡನದು ಗಾಳಿಯದ್ದೇ ಕೆಲಸ. ಜೋಡಿಸಿಟ್ಟ ಒಂದೊಂದು ಕಂಪ್ಯೂಟರಿನ ಹೊಟ್ಟೆ ತೆರೆದು, ಮದರ್‌ಬೋರ್ಡಿನಲ್ಲಿ ಯಾವ ಫ್ಯಾನಿನ ವೈರು ಯಾವ ಪಿನ್ನಿಗೆ ಕೂತಿದೆ ಎಂದು ನೋಡಬೇಕು. ಫ್ಯಾನು ತಿರುಗಿದರೆ ಸಾಲದು. ಪ್ರೊಸೆಸರಿನ ಫ್ಯಾನು ತನ್ನ ಪಿನ್ನಿನಲ್ಲೇ ಇದ್ದರೆ ಬಿಸಿ ಏರಿದ ಹಾಗೆ ಅದರ ಓಟವೂ ಏರುತ್ತದೆ. ಅವನ ಬೋರ್ಡುಗಳಲ್ಲಿ ಪಕ್ಕದ ಪಿನ್ನಿಗೆ ಚುಚ್ಚಿದರೆ ಎಷ್ಟು ಕಾದರೂ ಅದೇ ಸೋಮಾರಿ ಸುತ್ತು. ಹಾಗಾಗಿ ಅವನು ಮೆಷಿನ್ನಿಗೆ ಭಾರದ ಕೆಲಸ ಕೊಟ್ಟು, ಫ್ಯಾನಿನ ಎದುರು ಅಂಗೈ ಹಿಡಿದು, ಗಾಳಿ ಬಿರುಸಾಗುವವರೆಗೆ ಕಾಯುತ್ತಿದ್ದ. ಮನೆಯಲ್ಲಿ ಬಿಸಿ ತಟ್ಟೆಯ ಮೇಲೂ ಹಾಗೇ ಅಂಗೈ ಹಿಡಿದಾಗ, "ಪಾಸೋ ಫೇಲೋ?" ಎಂದು ಅವಳು ರೇಗಿಸುತ್ತಿದ್ದಳು.

ಒಂದು ವರ್ಷ ಮಾಲೀಕ ಅಗ್ಗಕ್ಕೆ ಸಿಕ್ಕಿತೆಂದು ರಾಶಿ ಫ್ಯಾನು ತರಿಸಿದ. ವೈರು ಗಿಡ್ಡ, ತನ್ನ ಪಿನ್ನಿಗೆ ಮುಟ್ಟುತ್ತಲೇ ಇರಲಿಲ್ಲ.

"ಉದ್ದ ಮಾಡೋಕೆ ತುಂಡು ವೈರು ತರಿಸಿ ಸಾರ್."

"ಪಕ್ಕದ್ದಕ್ಕೆ ಚುಚ್ಚು. ತಿರುಗ್ತಾ ಇದೆಯಲ್ಲ, ಇನ್ನೇನು ಹಾಡು ಹೇಳ್ಬೇಕಾ ಅದು?"

ಫ್ಯಾನು ತನ್ನ ಜಾಗದಲ್ಲಿಲ್ಲ ಎಂದು ಪರದೆಯ ಮೇಲೆ ಬರುತ್ತಿದ್ದ ಎಚ್ಚರಿಕೆಯನ್ನೂ ಮಾಲೀಕನೇ ನಿಂತು ಮುಚ್ಚಿಸಿದ.

ಬೇಸಿಗೆ ಬಂದದ್ದೇ ತಡ, ಆ ಫ್ಯಾನು ಹಾಕಿ ಲೈಬ್ರರಿಗೆ ಕಳಿಸಿದ್ದ ಕಂಪ್ಯೂಟರುಗಳು ಒಂದರ ಹಿಂದೆ ಒಂದು ಕಾದು ಆರಿದವು. ಕೆಲವು ಮತ್ತೆ ಏಳಲೇ ಇಲ್ಲ. ಲೈಬ್ರರಿಯಮ್ಮ ಕಾರ್ಖಾನೆಗೇ ಬಂದರು. ಅದಕ್ಕೆ ಮೊದಲೇ ಮಾಲೀಕ ಅವನ ಹೆಗಲು ಅಮುಕಿ ಹೇಳಿದ್ದ: "ನೀನು ಒಪ್ಕೊಂಡುಬಿಡು. ನಿನ್ನ ಕೆಲಸಕ್ಕೆ ನಾನು ಹೊಣೆ."

"ತಪ್ಪು ನಂದೇ ಮೇಡಂ," ಎಂದ ಅವನು.

ಕೆಲಸ ಉಳಿಯಿತು, ಡಬ್ಬ ಕಟ್ಟುವ ಕೆಲಸ. ಗಾಳಿಯಣ್ಣ ಹೋಗಿ ಸುಟ್ಟಣ್ಣನಾದ. ರಜೆ ಬಂತೆಂದರೆ ಲೈಬ್ರರಿಯ ಕಿಟಕಿ ಪಕ್ಕ ಕೂತು ಪೇಪರನ್ನು ಜಾಹೀರಾತಿನ ಸಮೇತ ಓದುತ್ತಿದ್ದವನು, ಆ ಕಟ್ಟಡ ಕಣ್ಣಿಗೆ ಬೀಳಬಾರದೆಂದು ಸುತ್ತು ಹಾಕಿ ಓಡಾಡತೊಡಗಿದ.

ಗಿಡ್ಡ ವೈರಿನ ಕತೆಯನ್ನೆಲ್ಲ ಅವಳು ಲೈಬ್ರರಿಯಮ್ಮನಿಗೆ ಕಾಗದ ಬರೆದಳು. ಲಕೋಟೆಗೆ ಅಂಚೆಚೀಟಿಯನ್ನೂ ಅಂಟಿಸಿದಳು.

"ಬೇಡ ಕಣೇ," ಎಂದ. "ನನ್ನ ಬಾಯಿಂದಲೇ ಒಪ್ಕೊಂಡಾಗಿದೆ. ಇರೋ ಅನ್ನಕ್ಕೂ ಕಲ್ಲು ಹಾಕ್ಬೇಡ."

ಕಾಗದ ಬೀರುವಿನಲ್ಲೇ ಉಳಿಯಿತು.

* * *

ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಅವಳು ನಡುಮನೆಗೆ ಬಂದಳು.

"ಕೈ ತಪ್ಪಿದ್ದು ಯಾರದ್ದು ಸಾರ್?"

"ಅಮ್ಮಾ, ನೀವು ದುಃಖದಲ್ಲಿದೀರಿ..."

"ದುಃಖ ಇರಲಿ. ವೈರು ಗಿಡ್ಡ ಇತ್ತಲ್ಲ, ಅದನ್ನೂ ಹೇಳಿ."

ಮಾಲೀಕ ಕನ್ನಡಕ ತೆಗೆದು ಒರೆಸತೊಡಗಿದ. ಕಾರ್ಖಾನೆಯಲ್ಲಿ ಗಂಡನ ಪಕ್ಕದ ಮೇಜಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಬೆಸುಗೆಯವನು ಮೂಲೆಯಲ್ಲಿ ನಿಂತಿದ್ದ. ಅವಳು ಅವನತ್ತ ತಿರುಗಿದಳು.

"ನೀನಿದ್ಯಲ್ಲಪ್ಪ ಅಲ್ಲೇ. ನೀನಾದ್ರೂ ಹೇಳು."

ಅವನು ತನ್ನ ಕಾಲ್ಬೆರಳು ನೋಡಿಕೊಂಡ. "ಅಕ್ಕಾ... ನಂಗೂ ಸಂಸಾರ ಇದೆ."

ನಾದಿನಿ ಅವಳ ತೋಳು ಹಿಡಿದೆಳೆದಳು. "ಹೆಣದ ಮುಂದೆ ಜಗಳ ಬೇಡ ಅತ್ತಿಗೆ. ಅಣ್ಣ ತಾನೇ ಒಪ್ಕೊಂಡಿದ್ದ."

"ಹೌದು, ಅವರು ಒಪ್ಕೊಂಡ್ರು. ನಾನು ಒಪ್ಕೊಂಡಿಲ್ಲ."

ಕೋಣೆಗೆ ಹೋಗಿ ಬೀರು ತೆಗೆದು, ಲಕೋಟೆಯೊಳಗಿನ ಕಾಗದ ಬಿಡಿಸಿದಳು. ಕೊನೆಯ ಸಾಲು ಹೀಗಿತ್ತು: 'ನಮ್ಮ ಯಜಮಾನರು ಬಂದರೆ ಮುಖ ತಿರುಗಿಸಬೇಡಿ, ಮೊದಲಿನ ಹಾಗೆ ಪೇಪರ್ ಓದಲು ಬಿಡಿ.' ಪೆನ್ನು ಹುಡುಕಿ ಆ ಸಾಲನ್ನು ಹೊಡೆದುಹಾಕಿದಳು. ಒತ್ತಿದ್ದಕ್ಕೆ ಕಾಗದ ಅಲ್ಲಲ್ಲಿ ಹರಿಯಿತು. ಬೇರೆಯದು ಬರೆಯಲು ವ್ಯವಧಾನವಿರಲಿಲ್ಲ, ಅದನ್ನೇ ಲಕೋಟೆಗೆ ಹಾಕಿ ಅಂಟಿಸಿದಳು. ಹೊರಗೆ ಹೆಣ ಎತ್ತುತ್ತಿದ್ದರು.

ಗಾಡಿ ತಿರುವಿಗೆ ಬಂದಾಗ ಅವಳು ಡ್ರೈವರನ ಭುಜ ಮುಟ್ಟಿದಳು. "ಇಲ್ಲೊಂಚೂರು ನಿಲ್ಲಿಸಪ್ಪ."

"ಹೆಣದ ಗಾಡಿ ನಡುದಾರೀಲಿ ನಿಲ್ಲಿಸ್ತಾರಾ ಅತ್ತಿಗೆ?"

"ಅವರಿಗಿನ್ನೇನೂ ಅವಸರ ಇಲ್ಲ ಕಣೇ."

ಇಳಿದು ರಸ್ತೆ ದಾಟಿದಳು. ಅಂಚೆ ಡಬ್ಬಿಯ ಬಾಯಲ್ಲಿ ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಗಾಡಿಯ ಹಿಂದೆ ನಿಂತ ಮಾಲೀಕನ ಕಾರು ಒಂದು ಸಲ ಹಾರ್ನ್ ಹೊಡೆಯಿತು, ಮತ್ತೆ ಇನ್ನೊಂದು ಸಲ. ಅವಳು ತಿರುಗಿ ನೋಡದೆ, ಬೆರಳ ತುದಿಯಿಂದ ಅದನ್ನು ಒಳಕ್ಕೆ ನೂಕಿದಳು.