ಖಾಲಿ ಪಟ್ಟಿಯವರು

ಆಸ್ಪತ್ರೆಯ ಆಫೀಸಿನಲ್ಲಿ ಅವಳನ್ನು ಎಲ್ಲರೂ ‘ಸಿ ಅಜ್ಜಿ’ ಅನ್ನುತ್ತಿದ್ದರು. ನಲವತ್ತು ದಾಟಿ ಹೆಚ್ಚು ದಿನವೇನೂ ಆಗಿರಲಿಲ್ಲ. ಆದರೆ ಉಳಿದವರೆಲ್ಲ ಹೊಸ ಹೊಸ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುವಾಗ ಇವಳೊಬ್ಬಳು ಇನ್ನೂ ಸಿ ಭಾಷೆಯನ್ನೇ ಕಟ್ಟಿಕೊಂಡು ಕೂತಿದ್ದಳು. ಬಿಡುವಂತೆಯೂ ಇರಲಿಲ್ಲ. ಇವಳ ಪಾಲಿಗೆ ಬಂದಿದ್ದ ಹಳೇ ಕಂಪ್ಯೂಟರು ಬೇರೆ ಯಾವ ಭಾಷೆಯ ಭಾರವನ್ನೂ ತಡೆದುಕೊಳ್ಳುತ್ತಿರಲಿಲ್ಲ. ಹೊಸದು ತರಿಸುತ್ತೇವೆ ಎಂದು ಮೇಲಿನವರು ಹೇಳುತ್ತಲೇ ಇದ್ದರು, ಇವಳು ಹೂಂ ಅನ್ನುತ್ತಲೇ ಇದ್ದಳು.

ಆ ಮಧ್ಯಾಹ್ನ ಪರದೆಯ ಮೇಲೆ ಬಂದ ಒಂದು ಸಾಲನ್ನು ಅವಳು ಎರಡೆರಡು ಸಲ ಓದಿದಳು. ಆಸ್ಪತ್ರೆಗೆ ಊರ ಸುತ್ತ ಸಣ್ಣ ಸಣ್ಣ ಕೇಂದ್ರಗಳಿದ್ದವು. ಕೇಂದ್ರಕ್ಕೊಬ್ಬ ನರ್ಸು, ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಿಕೊಂಡು ಬರುವುದು ಅವರ ಕೆಲಸ. ರೋಗಿಗಳು ತೀರ ಕಡಿಮೆ ಇರುವ ಕೇಂದ್ರವನ್ನು ಮುಚ್ಚುವುದೆಂದು ಆಸ್ಪತ್ರೆಯ ಕಮಿಟಿಯಲ್ಲಿ ತೀರ್ಮಾನವಾಗಿ, ಲೆಕ್ಕ ತೆಗೆದುಕೊಡಲು ದೊಡ್ಡ ಡಾಕ್ಟರು ಇವಳಿಗೆ ಹೇಳಿದ್ದರು. ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಳಗೆ ಬಂದದ್ದು ರೈಲ್ವೆ ಗೇಟಿನಾಚೆಯ ಕೇಂದ್ರ, ಹನ್ನೊಂದೇ ರೋಗಿಗಳು. ಅಲ್ಲಿಯ ನರ್ಸು ಇವಳ ಒಡಹುಟ್ಟಿದ ಅಕ್ಕ.

ಹನ್ನೊಂದಾಗಲು ಸಾಧ್ಯವೇ ಇಲ್ಲ. ಅಕ್ಕತಂಗಿಯರು ಇರುವುದು ಒಂದೇ ಮನೆಯಲ್ಲಿ. ಸಂಜೆ ಅಕ್ಕ ಕಾಲೆಳೆದುಕೊಂಡು ಬಂದು, ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಳಿಬಿಟ್ಟು ಹೇಳುವ ಸುದ್ದಿಯಲ್ಲಿ ಅದಕ್ಕಿಂತ ಹೆಚ್ಚು ಜನ ಒಂದೆರಡು ದಿನದಲ್ಲೇ ಬಂದುಹೋಗುತ್ತಿದ್ದರು.

ತಂಗಿ ಹುಡುಕಲು ಕೂತಳು. ಡೇಟಾಬೇಸ್‌ನಿಂದ ಉತ್ತರಗಳನ್ನು ಒಂದೊಂದಾಗಿ ಎಳೆದುಕೊಡುವ ಕರ್ಸರ್ ನಡುದಾರಿಯಲ್ಲಿ ಕೈಕೊಟ್ಟಿತೇ ಎಂದು ಮೊದಲು ನೋಡಿದಳು. ಅದು ಕೆಲಸ ಮುಗಿಸಿ ನಿಂತರೂ, ಕೆಟ್ಟು ನಿಂತರೂ ನೋಡುವುದಕ್ಕೆ ಒಂದೇ. ಬಾಯಿಬಿಟ್ಟು ಕೇಳದಿದ್ದರೆ ತಾನಾಗಿ ಹೇಳುವುದಿಲ್ಲ. ಕೇಳಿದಳು, ತಪ್ಪೇನಿಲ್ಲ ಅಂದಿತು. ಕೊನೆಗೆ ಡೇಟಾಬೇಸ್‌ಗೆ ತಾನು ಬರೆದಿದ್ದ ಪ್ರಶ್ನೆಯನ್ನೇ ಬಿಡಿಸಿ ಹಂತ ಹಂತವಾಗಿ ಓಡಿಸಿದಳು. ಕೇಂದ್ರದ ದಾಖಲೆಗಳನ್ನು ಆರಿಸುವ ಮೊದಲ ಹಂತದಲ್ಲಿ ನಲವತ್ತಮೂರು ಬಂತು. ಒಬ್ಬ ರೋಗಿಗೆ ಒಂದು ದಾಖಲೆ, ಅದರೊಳಗೆ ನರ್ಸಿನ ಭೇಟಿಗಳ ಪಟ್ಟಿ. ಎರಡನೇ ಹಂತ ಆ ಪಟ್ಟಿಯನ್ನು ಬಿಚ್ಚಿ ಭೇಟಿಗೊಂದು ಸಾಲಿನಂತೆ ಹರಡುತ್ತದೆ, ಮೂರನೆಯದು ರೋಗಿಗಳನ್ನೂ ಭೇಟಿಗಳನ್ನೂ ಎಣಿಸಿ ಕೂಡುತ್ತದೆ. ಪಟ್ಟಿಯೇ ಖಾಲಿಯಿದ್ದರೆ ಹರಡಲು ಏನೂ ಇಲ್ಲ, ಆದ್ದರಿಂದ ರೋಗಿಯೂ ಇಲ್ಲ. ಎರಡನೇ ಹಂತದಲ್ಲಿ ಮೂವತ್ತೆರಡು ಜನ ಸದ್ದಿಲ್ಲದೆ ಮಾಯವಾಗಿದ್ದರು. ಖಾಲಿ ಇರುವವರನ್ನೂ ಉಳಿಸಿಕೋ ಎಂದು ಆ ಹಂತಕ್ಕೆ ಒಂದು ಸಾಲು ಸೇರಿಸಬೇಕಿತ್ತು. ಬರೆದವಳು ಇವಳೇ, ಮರೆತವಳೂ ಇವಳೇ. ಮಾಡಿದ್ದುಣ್ಣೋ ಮಹಾರಾಯ.

ಸಾಲು ಸೇರಿಸಿ, ಕಂಪೈಲ್ ಮಾಡಿ, ಮತ್ತೆ ಓಡಿಸಿದಳು. ನಲವತ್ತಮೂರು ಬಂತು. ಉಸ್ಸಪ್ಪಾ ಎಂದು ಕುರ್ಚಿಗೆ ಒರಗುವಷ್ಟರಲ್ಲಿ ಪಕ್ಕದ ಕಾಲಂ ಕಣ್ಣಿಗೆ ಬಿತ್ತು. ಮೂವತ್ತೆರಡು ರೋಗಿಗಳಿಗೆ ಭೇಟಿ ಸೊನ್ನೆ. ಬೇರೆ ಯಾವ ಕೇಂದ್ರದಲ್ಲೂ ಹಾಗಿರಲಿಲ್ಲ. ಇದನ್ನು ಕಳಿಸಿದರೆ ಕೇಂದ್ರ ಉಳಿಯುತ್ತದೆ, ಆದರೆ ಅಕ್ಕ ಮೈಗಳ್ಳಿ ಎಂದಾಗುತ್ತದೆ. ಹಳೆಯದನ್ನೇ ಕಳಿಸಿದರೆ ಅಕ್ಕನನ್ನು ಮರ್ಯಾದೆಯಿಂದಲೇ ದೊಡ್ಡ ಆಸ್ಪತ್ರೆಗೆ ಕರೆಸಿಕೊಳ್ಳುತ್ತಾರೆ, ಗೇಟಿನಾಚೆ ಹಾಸಿಗೆ ಹಿಡಿದವರ ಬಾಗಿಲು ತಟ್ಟುವವರು ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಯೋಚಿಸುವುದಕ್ಕೂ ತ್ರಾಣವಿಲ್ಲದೆ ಅವಳು ಕಂಪ್ಯೂಟರ್ ಆರಿಸಿ ಮನೆಗೆ ಹೊರಟಳು.

ಸಂಜೆ ಅಕ್ಕನನ್ನು ಕೇಳಿದಾಗ ವಿಷಯ ಗೊತ್ತಾಯಿತು. ಭೇಟಿ ದಾಖಲಿಸಲು ಹೋದರೆ ಆಸ್ಪತ್ರೆಯವರು ನರ್ಸುಗಳಿಗೆ ಕೊಟ್ಟ ಫೋನು ಮೊದಲು ಕೇಳುವುದು ಏನು ಕೊಟ್ಟಿರಿ ಅಂತ. ಮಾತ್ರೆ, ಇಂಜೆಕ್ಷನ್, ಡ್ರೆಸ್ಸಿಂಗ್, ಈ ಮೂರರಲ್ಲಿ ಒಂದನ್ನು ಒತ್ತದೆ ಮುಂದಕ್ಕೆ ಬಿಡುವುದಿಲ್ಲ. ಆ ಮೂವತ್ತೆರಡು ಜನ ಔಷಧಿಯ ಹಂತ ದಾಟಿದವರು, ಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಅಕ್ಕ ಹೋಗಿ ಮಗ್ಗುಲು ಹೊರಳಿಸುತ್ತಿದ್ದಳು, ಬಾಯಿ ಒರೆಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದಳು. ಕೊಡದ ಔಷಧಿಯನ್ನು ಕೊಟ್ಟೆನೆಂದು ಒತ್ತಲು ಕೈ ಬರುವುದಿಲ್ಲವಂತೆ. ಬೇರೆ ನರ್ಸುಗಳೆಲ್ಲ ಕಣ್ಣುಮುಚ್ಚಿ ಒತ್ತುವಾಗ ನೀನೊಬ್ಬಳು ಸತ್ಯಹರಿಶ್ಚಂದ್ರನ ತುಂಡಾಗಬೇಕಿತ್ತೇ ಎಂದು ತಂಗಿ ಸಿಡುಕಿದಳು. ಆಮೇಲೆ ಎರಡು ಲೆಕ್ಕಗಳ ವಿಷಯವನ್ನೂ ಬಿಡಿಸಿ ಹೇಳಿದಳು.

ಅಕ್ಕ ನೀರಿನಲ್ಲಿ ಕಾಲ್ಬೆರಳು ಆಡಿಸುತ್ತ ಕೇಳಿಸಿಕೊಂಡಳು.

“ನನ್ನ ಹೆಸರಿನ ಮುಂದೆ ಸೊನ್ನೆ ಬಂದ್ರೆ ಬರ್ಲಿ. ಅವರು ಇದ್ದಾರೆ ಅಂತನಾದ್ರೂ ಗೊತ್ತಾಗ್ಬೇಕಲ್ಲ. ಹೊಸದನ್ನೇ ಕಳ್ಸು.”

ತಂಗಿ ಕಳಿಸಿದಳು. ಸೊನ್ನೆ ಯಾಕೆ ಬಂತು, ಫೋನಿನ ಪ್ರಶ್ನೆಯಲ್ಲಿ ಏನು ಕೊರತೆ ಎಂದು ಅರ್ಧ ಪುಟ ವಿವರಣೆಯನ್ನೂ ಜೊತೆಗೆ ಸೇರಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ದೊಡ್ಡ ಡಾಕ್ಟರು ಕೆಟ್ಟವರಲ್ಲ. ಅವರೂ ದಣಿದಿದ್ದರು, ಕಮಿಟಿಯವರು ಅಂಕಿ ಬಿಟ್ಟು ಬೇರೇನೂ ಓದುವುದಿಲ್ಲಮ್ಮ ಎಂದು ಕಣ್ಣುಜ್ಜಿಕೊಂಡರು. ನಾಲ್ಕು ದಿನ ಬಿಟ್ಟು ಕಮಿಟಿಯ ಉತ್ತರ ಬಂತು. ರೈಲ್ವೆ ಗೇಟಿನಾಚೆಯ ಕೇಂದ್ರ ಮುಂದುವರಿಯಬೇಕು, ನರ್ಸನ್ನು ಬದಲಿಸಿ ಆಸ್ಪತ್ರೆಯ ಸ್ಟೋರಿಗೆ ಹಾಕಬೇಕು.

ತಂಗಿ ಮನೆ ಮುಟ್ಟಿದಾಗ ಅಕ್ಕ ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದಳು. ಹೇಗೆ ಹೇಳಿದರೂ ಹೇಳುವುದು ಅದೇ ಆದ್ದರಿಂದ ತಂಗಿ ನೆಟ್ಟಗೆ ಹೇಳಿಬಿಟ್ಟಳು. ಅಕ್ಕ ಕಣ್ಣು ತೆರೆಯಲಿಲ್ಲ.

“ಮುಚ್ಚಲ್ಲ ತಾನೇ?”

“ಮುಚ್ಚಲ್ಲ.”

ಹಾಗಾದರೆ ಬರುವವಳಿಗೆ ಎಲ್ಲ ಹೇಳಿಕೊಡಬೇಕು, ಬರೆದುಕೋ ಎಂದಳು ಅಕ್ಕ. ತಂಗಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ರೋಗಿಗಳ ದಾಖಲೆಗಳನ್ನೇ ತೆರೆದಳು. ಈ ಡೇಟಾಬೇಸ್‌ನ ಒಂದು ಗುಣವೆಂದರೆ ಯಾವ ದಾಖಲೆಗೆ ಬೇಕಾದರೂ, ಯಾರ ಅಪ್ಪಣೆಯೂ ಇಲ್ಲದೆ, ಹೊಸದೊಂದು ಜಾಗ ಸೇರಿಸಬಹುದು. ಒಬ್ಬೊಬ್ಬರಿಗೂ ಒಂದೊಂದು ಸೇರಿಸುತ್ತ ಹೋದಳು. ಮಹಡಿಯ ಟೈಲರ್ ಮನೆಯಲ್ಲಿ ಬೆಲ್ ಒತ್ತಬಾರದು, ಬೆಚ್ಚಿಬೀಳುತ್ತಾರೆ. ಮೂಲೆ ಮನೆಯ ಟೀಚರಮ್ಮನನ್ನು ಗೋಡೆಯ ಕಡೆಗೆ ಹೊರಳಿಸಬಾರದು, ಕಿಟಕಿ ಕಾಣದಿದ್ದರೆ ಅಳುತ್ತಾರೆ. ಗೇಟ್‌ಮ್ಯಾನ್ ಹೆಂಡತಿ ಬೈಯುತ್ತಾಳೆ, ಬೈಸಿಕೊಳ್ಳಬೇಕು. ಯಾವ ಪ್ರಶ್ನೆ ಓಡಿಸಿದರೂ ಕೂಡಲಾಗದ ಮಾತುಗಳು ಇವು ಎಂದು ತಂಗಿಗೆ ಗೊತ್ತಿತ್ತು. ಆದರೂ ಬೆರಳು ನಿಲ್ಲಿಸಲಿಲ್ಲ.

ಮುಂದಿನ ದಾಖಲೆ ಬಡಗಿಯ ತಾಯಿಯದು. ಅಕ್ಕನಿಗೆ ನಿದ್ದೆ ಬಂತೇನೋ ಎಂದು ತಂಗಿ ತಲೆಯೆತ್ತಿ ನೋಡಿದಳು.

“ಅವರದ್ದು ಬರೀಬೇಡ. ಇವತ್ತು ಬೆಳಿಗ್ಗೆ ಹೋಗ್ಬಿಟ್ರು. ಮಗ ಇನ್ನೂ ಬಂದಿರ್ಲಿಲ್ಲ, ನಾನೇ ಕೈ ಹಿಡ್ಕೊಂಡು ಕೂತಿದ್ದೆ.”

ತಂಗಿ ದಾಖಲೆಯನ್ನು ನೋಡಿದಳು. ಭೇಟಿಗಳ ಪಟ್ಟಿ ಖಾಲಿಯಿತ್ತು. ಅಕ್ಕ ಬೇಡವೆಂದರೂ ಅಲ್ಲೊಂದು ಜಾಗ ಮಾಡಿ, ಈಗ ಕೇಳಿದ ಮಾತನ್ನು ಹಾಗೇ ಬರೆದಳು. ಲ್ಯಾಪ್‌ಟಾಪ್ ಬದಿಗಿಟ್ಟು ನೆಲದ ಮೇಲೆ ಕೂತು ಅಕ್ಕನ ಬೂಟಿನ ಲೇಸು ಬಿಚ್ಚತೊಡಗಿದಳು.